ಹಳೇ ಲ್ಯಾಪ್‌ಟಾಪ್ ಎಸೆಯಬೇಕಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಒಂಬತ್ತು ವರ್ಷ, ವಿಂಡೋಸ್ 10 ಇದೆ. ಆಪರೇಟಿಂಗ್ ಸಿಸ್ಟಂ ಹಳೆಯದಾಯ್ತು, ಹೊಸದು ತಗೊಳ್ಳಿ ಅಂತಾರೆ ಅಂಗಡಿಯವರು. ಏನದು ಸರ್?
– ಓದುಗರೊಬ್ಬರು, ಮಲ್ಪೆ

ಉತ್ತರ: ಸುಮ್ನೆ ದುಡ್ಡು ಸುರಿಯಬೇಡಿ. ಉಡುಪಿ ರಥಬೀದಿ ಹತ್ತಿರದ ಹೋಟೆಲಿನಲ್ಲಿ ನೀವು ಗೋಳಿಬಜೆ ಕೇಳ್ತೀರಿ, ಅಷ್ಟೇ. ಯಾವ ಟೇಬಲ್ ಖಾಲಿ, ಒಲೆ ಮೇಲೆ ಯಾರ ಆರ್ಡರ್ ಮೊದಲು ಅನ್ನೋದನ್ನೆಲ್ಲ ನೋಡಿಕೊಳ್ಳುವವರು ಬೇರೆ ಇರುತ್ತಾರೆ ಅಲ್ವಾ? ಕಂಪ್ಯೂಟರಿನಲ್ಲಿ ಆ ಕೆಲಸ ಆಪರೇಟಿಂಗ್ ಸಿಸ್ಟಂನದ್ದು. ನೀವು ಬ್ರೌಸರ್ ತೆರೆದು ಜೊತೆಗೆ ಹಾಡನ್ನೂ ಹಾಕಿದರೆ, ಯಾವುದಕ್ಕೆ ಎಷ್ಟು ಮೆಮೊರಿ, ಪ್ರೊಸೆಸರ್ ಈಗ ಯಾವ ಕೆಲಸ ಮಾಡಬೇಕು, ಸ್ಪೀಕರಿಗೆ ಏನು ಕಳಿಸಬೇಕು ಅಂತ ಕ್ಷಣಕ್ಷಣಕ್ಕೂ ಹಂಚುವುದು ಅದೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ, ಅಂದ್ರೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ ಕೊಡೋದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದ್ರೆ ನಿಮ್ಮ ಯಂತ್ರ ಕೆಟ್ಟಿದೆ ಅಂತಲ್ಲ. ವಿಂಡೋಸ್ ಬದಲು ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ನೋಡಿ, ದುಡ್ಡು ಕೊಡಬೇಕಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ, ಅಂದ್ರೆ ಆಪರೇಟಿಂಗ್ ಸಿಸ್ಟಂನ ತಿರುಳು. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ, ವೈಫೈ, ಸೌಂಡ್, ಕನ್ನಡ ಟೈಪಿಂಗ್ ಎಲ್ಲ ಸರಿಯಿದೆಯಾ ನೋಡಿ. ಇಷ್ಟವಾದರೆ ಮಾತ್ರ ಇನ್‌ಸ್ಟಾಲ್ ಮಾಡಿ. ಅದಕ್ಕೂ ಮುಂಚೆ ಮನೆಯವರ ಫೋಟೊಗಳನ್ನೆಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ, ಇದೊಂದನ್ನು ಮರೆಯಲೇಬೇಡಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಾದರೆ ವಿಂಡೋಸೇ ಬೇಕು.