ಸ್ಟೆಂಟ್‌ಗೆ ಸರ್ಕಾರಿಯೋ ಖಾಸಗಿಯೋ?

ನಮಸ್ಕಾರ. ಮೈಸೂರಿನಲ್ಲಿರುವ ನಿಮ್ಮ ತಂದೆಗೆ ಸ್ಟೆಂಟ್ (ಹೃದಯದ ರಕ್ತನಾಳ ಮುಚ್ಚಿಕೊಳ್ಳದಂತೆ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಬೇಕು, ಬಿಪಿಎಲ್ ಕಾರ್ಡ್ ಇದೆ, ಆದರೂ ಸರ್ಕಾರಿ ಆಸ್ಪತ್ರೆ ಅಂದರೆ ಭಯ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ನಮ್ಮ ಮಾವನ ಜೊತೆ ಎರಡೂ ಕಡೆ ಓಡಾಡಿದವನು.

ಹೃದಯದ ವಿಷಯದಲ್ಲಿ ನನ್ನ ಮತ ಜಯದೇವ ಹೃದ್ರೋಗ ಆಸ್ಪತ್ರೆಗೆ. ಅದು ಸರ್ಕಾರದ ಸ್ವಾಯತ್ತ ಸಂಸ್ಥೆ, ನಿಮ್ಮೂರಲ್ಲೇ ಶಾಖೆ ಇದೆ. ದಿನವೂ ಇದೇ ಕೆಲಸ ಮಾಡುವ ಕೈಗಳು ಅವರದು. ಆದರೆ ಕ್ಯೂ ಉದ್ದ. ಬೆಳಿಗ್ಗೆ ಬೇಗ ಹೋಗಿ, ತಿಂಡಿ ಕಟ್ಟಿಕೊಂಡೇ ಹೋಗಿ!

ಖಾಸಗಿಯಲ್ಲೂ ಸ್ಟೆಂಟ್‌ನ ಬೆಲೆಗೆ ಮಿತಿ ಇದೆ. 2017ರಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟ್‌ಗೆ ಸುಮಾರು 30 ಸಾವಿರ ರೂಪಾಯಿ ಅಂತ ಮಿತಿ ಹಾಕಿತು, ಆಮೇಲೆ ಆಗಾಗ ಪರಿಷ್ಕರಣೆ ಆಗಿದೆ. ಬಿಲ್ ಬೆಳೆಯುವುದು ರೂಮು, ಐಸಿಯು, ಪ್ರೊಸೀಜರ್ ಚಾರ್ಜ್‌ಗಳಲ್ಲಿ. ನಮ್ಮ ಮಾವನಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಾಯಲ್ಲಿ ಹೇಳಿದ್ದೇ ಒಂದು, ಕೊನೆಗೆ ಕೈಗೆ ಬಂದ ಬಿಲ್ಲೇ ಇನ್ನೊಂದು. ಹಾಗಾಗಿ ಅಂದಾಜನ್ನು ಬರೆದು ಕೊಡಿ ಅಂತ ಕೇಳಿ.

ಇನ್ನು ನಿಮ್ಮ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲೂ ಬಳಸಬಹುದು, ಆದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಸುಮ್ನೆ ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳೋಣ ಅಂದುಕೊಳ್ಳಬೇಡಿ. ತುರ್ತಾದರೆ ಚೀಟಿಗೆ ಕಾಯಬೇಕಿಲ್ಲ. ಎದೆನೋವು ಜಾಸ್ತಿಯಾದರೆ ಈ ಲೆಕ್ಕಾಚಾರವನ್ನೆಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ.