ಕಂಬದ ಹಿಂದಿನ ಸೀಟು

ಓದುಗರ ಪತ್ರ: 1997ರಲ್ಲಿ ಕೆಲಸದ ಮೇಲೆ ಅಮೆರಿಕದ ಡೆಟ್ರಾಯಿಟ್‌ಗೆ ಹೋಗಿದ್ದೆ. ಆಫೀಸಿನ ಗೆಳೆಯರೊಬ್ಬರು ಟೈಗರ್ ಸ್ಟೇಡಿಯಂಗೆ ಬೇಸ್‌ಬಾಲ್ ತೋರಿಸಲು ಕರೆದುಕೊಂಡು ಹೋದರು. ನನ್ನ ಸೀಟಿನ ಎದುರಿಗೇ ದಪ್ಪ ಕಂಬ. ಚೆಂಡು ಎಸೆಯುವವನು ಕಂಡರೆ ಹೊಡೆಯುವವನು ಕಾಣುತ್ತಿರಲಿಲ್ಲ! ಆ ಸ್ಟೇಡಿಯಂ ಕೆಡವಿದಾಗ ಗೆಳೆಯರು ಕಣ್ಣೀರು ಹಾಕಿದರಂತೆ. ಅಳುವಂಥದ್ದು ಅಲ್ಲೇನಿತ್ತು? ಈಗ ಅಲ್ಲಿ ಏನಾದರೂ ಉಳಿದಿದೆಯೇ?

ಸಂಪಾದಕರ ಉತ್ತರ:

ನಿಮಗೆ ಸಿಟ್ಟು ಬರಿಸಿದ ಆ ಕಂಬವೇ ನಿಮ್ಮ ಗೆಳೆಯರ ಕಣ್ಣೀರಿಗೂ ಕಾರಣ ಅಂದರೆ ನಂಬುತ್ತೀರಾ?

ಆ ಕಂಬಗಳು ಮೇಲಿನ ಅಂತಸ್ತನ್ನು ಹೊತ್ತು ನಿಂತಿದ್ದವು. ಹಾಗಾಗಿ ಮೇಲಿನ ಸೀಟುಗಳನ್ನು ಮೈದಾನದ ಹತ್ತಿರಕ್ಕೇ ತರಲು ಆಗಿತ್ತು. ಆಮೇಲೆ ಬಂದ ಸ್ಟೇಡಿಯಂಗಳಲ್ಲಿ ಕಂಬ ತೆಗೆದರು. ಎಲ್ಲರಿಗೂ ಆಟ ಪೂರ್ತಿ ಕಾಣುವಂತಾಯಿತು, ಆದರೆ ಮೇಲಿನವರು ದೂರ ಹಿಂದಕ್ಕೆ ಹೋದರು. ಟೈಗರ್ ಸ್ಟೇಡಿಯಂನಲ್ಲಿ ಕೆಲವರು ಕಂಬ ನೋಡುತ್ತಾ ಕೂತಿದ್ದರಿಂದಲೇ ಸಾವಿರಾರು ಜನ ಆಟಗಾರರ ಮುಖ ನೋಡುತ್ತಿದ್ದರು. ಆ ಕೆಲವರಲ್ಲಿ ನೀವೊಬ್ಬರಾದಿರಿ, ಅಷ್ಟೇ.

ಬಲಗಡೆಯ ಮೇಲಂತಸ್ತಂತೂ ಕೆಳಗಿನದಕ್ಕಿಂತ ಸುಮಾರು 10 ಅಡಿ ಮುಂದಕ್ಕೆ ಚಾಚಿಕೊಂಡಿತ್ತು. ಫೀಲ್ಡರ್ ಗೋಡೆಗೆ ಬೆನ್ನು ಕೊಟ್ಟು ಕ್ಯಾಚ್‌ಗೆ ಕಾಯುತ್ತಿದ್ದರೆ ಚೆಂಡು ಅವನ ತಲೆಯ ಮೇಲಿನ ಸೀಟಿಗೆ ಬಿದ್ದು ಹೋಂ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಆಗಿಬಿಡುತ್ತಿತ್ತು. ಅದೇ ಹೊಡೆತ ನೇರ ನಡುವೆ ಹೋದರೆ? ಅಲ್ಲಿ ಗೋಡೆ 440 ಅಡಿ ದೂರ. ಸಾಲದ್ದಕ್ಕೆ 125 ಅಡಿ ಎತ್ತರದ ಧ್ವಜಸ್ತಂಭ ಗೋಡೆಯ ಒಳಗಡೆ, ಆಟದ ಜಾಗದಲ್ಲೇ ನಿಂತಿತ್ತು. ಎದುರಾಳಿ ತಂಡದ ಕೋಣೆಯ ಬಾಗಿಲಿಗೆ ಒಂದು ಬೋರ್ಡು: ‘ಅತಿಥಿಗಳ ಕೋಣೆ, ಅತಿಥಿಗಳಿಗೆ ಪ್ರವೇಶವಿಲ್ಲ’. ಇಂಥ ವಕ್ರತನ ಇದ್ದರೇ ಒಂದು ಜಾಗ ನೆನಪಿನಲ್ಲಿ ಉಳಿಯೋದು, ಅಲ್ವಾ?

ಅದು ಶುರುವಾದದ್ದು 1912ರ ಏಪ್ರಿಲ್ 20ರಂದು, ನೇವಿನ್ ಫೀಲ್ಡ್ ಎಂಬ ಹೆಸರಿನಲ್ಲಿ. ಬಾಸ್ಟನ್‌ನ ಫೆನ್‌ವೇ ಪಾರ್ಕ್ ತೆರೆದದ್ದೂ ಅದೇ ದಿನ. ಅಲ್ಲಿ ಇವತ್ತಿಗೂ ಆಟ ನಡೆಯುತ್ತಿದೆ. ಸತತ 2130 ಪಂದ್ಯ ಆಡಿದ್ದ ನ್ಯೂಯಾರ್ಕಿನ ಲೂ ಗೆರಿಗ್, ಮೈಯಲ್ಲಿ ಶಕ್ತಿಯಿಲ್ಲದೆ ‘ಇವತ್ತು ನನ್ನನ್ನು ಬಿಟ್ಟುಬಿಡಿ’ ಎಂದು ತಾನಾಗಿಯೇ ಹೊರಗೆ ಕೂತದ್ದು 1939ರ ಮೇ 2ರಂದು, ಇದೇ ಮೈದಾನದಲ್ಲಿ. ಅವನು ಮತ್ತೆ ಲೀಗ್ ಪಂದ್ಯ ಆಡಲೇ ಇಲ್ಲ.

ಹಳೆಯದೆಲ್ಲ ಸಿಹಿ ಎಂದು ಮಾತ್ರ ನಾನು ಹೇಳುವುದಿಲ್ಲ. ಡೆಟ್ರಾಯಿಟ್ ತಂಡ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1958ರಲ್ಲಿ. ಆಧುನಿಕ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿ ಅಷ್ಟೊತ್ತಿಗೆ 11 ವರ್ಷವಾಗಿತ್ತು. ನೆನಪಿನ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಕೊನೆಯ ಆಟ 1999ರ ಸೆಪ್ಟೆಂಬರ್ 27ರಂದು. ಹೊಸಬ ರಾಬರ್ಟ್ ಫಿಕ್ ಹೊಡೆದ ಚೆಂಡು ಬಲಗಡೆಯ ಛಾವಣಿಗೆ ಹೋಗಿ ಬಡಿಯಿತು. ಒಂದೇ ಹೊಡೆತಕ್ಕೆ ನಾಲ್ಕು ರನ್. ಡೆಟ್ರಾಯಿಟ್ 8-2ರಿಂದ ಗೆದ್ದಿತು. ಆಟ ಮುಗಿದ ಮೇಲೆ ಹಳೆಯ ಆಟಗಾರರು ಹಳೆಯ ಜೆರ್ಸಿ ತೊಟ್ಟು ಒಬ್ಬೊಬ್ಬರಾಗಿ ಓಡಿ ಬಂದು ತಾವು ಆಡುತ್ತಿದ್ದ ಜಾಗದಲ್ಲೇ ನಿಂತರು. ನಿಮ್ಮ ಗೆಳೆಯರು ಅವತ್ತೂ ಅತ್ತಿರಬೇಕು.

ಆಮೇಲೆ ಕಟ್ಟಡ ಸುಮಾರು ಒಂಬತ್ತು ವರ್ಷ ಖಾಲಿ ಬಿದ್ದಿತ್ತು. 2008-09ರಲ್ಲಿ ಕೆಡವಿದರು. ನನಗೆ ತುಂಬಾ ಇಷ್ಟವಾದ ಕಥೆ ಶುರುವಾಗುವುದು ಇಲ್ಲಿಂದ. ಮೈದಾನದಲ್ಲಿ ಆಳೆತ್ತರ ಕಳೆ ಬೆಳೆಯಿತು. 2010ರಲ್ಲಿ ಒಂದಷ್ಟು ಅಭಿಮಾನಿಗಳು ಸ್ವಂತ ಖರ್ಚಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಂದು ಕಳೆ ತೆಗೆದರು. ಯಾರೂ ಹೇಳಿರಲಿಲ್ಲ, ಸಂಬಳವೂ ಇಲ್ಲ. ಪೊಲೀಸರು ಹೊರಗೆ ಕಳಿಸಿದರೂ ಮತ್ತೆ ಬಂದರು. ವರ್ಷಗಟ್ಟಲೆ ಹೀಗೇ ನಡೆಯಿತು. ಆ ಹುಲ್ಲಿನ ಮೇಲೆ ಅಪ್ಪಂದಿರು ಮಕ್ಕಳ ಜೊತೆ ಸುಮ್ನೆ ಕ್ಯಾಚ್ ಆಡುತ್ತಿದ್ದರು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಜಾಗ ಉಳಿದಿದೆ, ಹುಲ್ಲು ಉಳಿದಿಲ್ಲ. 2018ರಿಂದ ಅಲ್ಲಿ ಮಕ್ಕಳು ಆಡುವ ಪುಟ್ಟ ಸ್ಟೇಡಿಯಂ ಇದೆ. ನೆಲಕ್ಕೆ ಕೃತಕ ಹಾಸು ಹಾಸಿದ್ದಾರೆ. ಮಕ್ಕಳು ಆಡುತ್ತಿರುವುದು ಸಂತೋಷವೇ. ಆದರೂ ಅಷ್ಟು ವರ್ಷ ಹುಲ್ಲು ಕಾಪಾಡಿದವರ ಮುಂದೆ ಪ್ಲಾಸ್ಟಿಕ್ ಹಾಸಿದ್ದು ನನಗೆ ಸರಿ ಕಾಣಲಿಲ್ಲ.

ಆ ಹಳೇ ಧ್ವಜಸ್ತಂಭ ಮಾತ್ರ ಅಲ್ಲೇ ಇದೆ. ಮಿಷಿಗನ್ ಮತ್ತು ಟ್ರಂಬಲ್ ರಸ್ತೆಗಳು ಸೇರುವ ಮೂಲೆ. ಮತ್ತೆ ಆ ಕಡೆ ಹೋದರೆ ನೋಡಿಕೊಂಡು ಬನ್ನಿ. ಈ ಸಲ ಕಂಬ ಅಡ್ಡ ಬರುವುದಿಲ್ಲ.