ಆಕ್ಲೆಂಡಿನ ಹೆರಿಗೆ, ಮೈಸೂರಿನ ಆತಂಕ

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: "ಆಕ್ಲೆಂಡಿನಲ್ಲಿರುವ ನನ್ನ ಮಗಳಿಗೆ ಈಗ ಎಂಟನೆಯ ವಾರ. ಅಲ್ಲಿನ ಡಾಕ್ಟರು ರಕ್ತಪರೀಕ್ಷೆ ಬರೆದುಕೊಟ್ಟು, ಮುಂದಿನದಕ್ಕೆ ನೀವೇ ಒಬ್ಬ ಮಿಡ್‌ವೈಫ್ ಹುಡುಕಿಕೊಳ್ಳಿ ಎಂದರಂತೆ. ನಾವು ಬಿಟ್ಟ ಸೂಲಗಿತ್ತಿ ಪದ್ಧತಿಯನ್ನು ಮುಂದುವರಿದ ದೇಶದವರು ಹಿಡಿದುಕೊಂಡಿದ್ದಾರೆಯೇ? ಅವಳನ್ನು ಇಲ್ಲಿಗೇ ಕರೆಸಿಕೊಳ್ಳಲೇ, ನಾನೇ ಹೋಗುವುದಾದರೆ ಯಾವಾಗ ಹೋಗಲಿ?"

ತಾಯಿ, ನಿಮ್ಮ ಆತಂಕ ಅರ್ಥವಾಗುತ್ತದೆ. ಅದರ ಹಿಂದಿರುವ ತಾತ್ಸಾರ ಮಾತ್ರ ನನಗೆ ಹಿಡಿಸಲಿಲ್ಲ, ಮತ್ತು ಈ ವಿಷಯ ಬಂದಾಗ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ ಎಂಬುದು ಹಳೆಯ ಓದುಗರಿಗೆ ಗೊತ್ತಿದೆ. ನಿಮ್ಮ ಮಗಳನ್ನು ಡಾಕ್ಟರು ಸಾಗಹಾಕಲಿಲ್ಲ. ಆ ದೇಶದ ಕ್ರಮವೇ ಹಾಗೆ. 1990ರಲ್ಲಿ ನ್ಯೂಜಿಲೆಂಡಿನ ಸಂಸತ್ತು ದಾದಿಯರ ಕಾಯ್ದೆಗೆ ತಿದ್ದುಪಡಿ ತಂದು, ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸ್ವತಂತ್ರವಾಗಿ ಹೆರಿಗೆ ಮಾಡಿಸುವ ಅಧಿಕಾರವನ್ನು ಮಿಡ್‌ವೈಫ್‌ಗಳಿಗೆ ಕೊಟ್ಟಿತು. ಆಗ ಆರೋಗ್ಯ ಸಚಿವೆಯಾಗಿದ್ದವರು ಮುಂದೆ ಪ್ರಧಾನಿಯಾದ ಹೆಲೆನ್ ಕ್ಲಾರ್ಕ್. ಇಂದು ಅಲ್ಲಿ ಗರ್ಭಿಣಿ ತನ್ನ ಹೊಣೆ ಹೊರುವ ಒಬ್ಬರನ್ನು ತಾನೇ ಆರಿಸಿಕೊಳ್ಳುತ್ತಾಳೆ, ಹಾಗೆ ಆರಿಸಿಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಮಿಡ್‌ವೈಫ್‌ರನ್ನೇ ಹಿಡಿಯುತ್ತಾರೆ. ಈ ಮಿಡ್‌ವೈಫ್ ಇದಕ್ಕೆಂದೇ ಇರುವ ಪದವಿ ಓದಿ, ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡು, ವರ್ಷವರ್ಷವೂ ಪರವಾನಗಿ ಪಡೆಯುವವಳು. ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗೆ ಬರೆದುಕೊಡುತ್ತಾಳೆ, ಔಷಧಿಯನ್ನೂ ಬರೆಯುತ್ತಾಳೆ. ಮಗಳಿಗಾಗಲಿ ಅಳಿಯನಿಗಾಗಲಿ ರೆಸಿಡೆಂಟ್ ವೀಸಾ ಇಲ್ಲವೇ 2 ವರ್ಷಕ್ಕೆ ಕಡಿಮೆಯಿಲ್ಲದ ಕೆಲಸದ ವೀಸಾ ಇದ್ದರೆ ಮಿಡ್‌ವೈಫ್ ಆರೈಕೆಗೆ ಕೈಯಿಂದ ಖರ್ಚಿಲ್ಲ, ಸ್ಕ್ಯಾನ್‌ಗೆ ಮಾತ್ರ ಸ್ವಲ್ಪ ಕೊಡಬೇಕಾಗಬಹುದು.

ಡಾಕ್ಟರರ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಭಾರತೀಯ ಮೂಲದ ಗರ್ಭಿಣಿಯರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು, ಆದ್ದರಿಂದ ಮೊದಲ ರಕ್ತಪರೀಕ್ಷೆಯನ್ನೂ 24ರಿಂದ 28ನೆಯ ವಾರದೊಳಗೆ ಮಾಡುವ ಗ್ಲೂಕೋಸ್ ಪರೀಕ್ಷೆಯನ್ನೂ ತಪ್ಪಿಸಬಾರದು. ರಕ್ತದೊತ್ತಡ ಏರಿದರೆ, ಅವಳಿ ಎಂದು ಕಂಡರೆ, ಮಗು ಅಡ್ಡಲಾಗಿದ್ದರೆ ತಜ್ಞರ ಸಲಹೆ ಬೇಕೇ ಬೇಕು; ಯಾವ ಸ್ಥಿತಿಯಲ್ಲಿ ಯಾರ ಕೈಗೆ ಒಪ್ಪಿಸಬೇಕೆಂಬ ಲಿಖಿತ ನಿಯಮಾವಳಿಯೂ ಅಲ್ಲಿದೆ. ಅಷ್ಟಕ್ಕೆ ಆ ಮಾತು ಮುಗಿಯಿತು.

ಉಳಿದದ್ದೆಲ್ಲ ಮಿಡ್‌ವೈಫ್ ಕಡೆಗೇ ವಾಲುತ್ತದೆ. ಮೊದಲ ತಿಂಗಳುಗಳಲ್ಲಿ ಹೊಟ್ಟೆ ಮುಟ್ಟಿ ನೋಡಿದವಳೇ ನೋವು ಬಂದ ರಾತ್ರಿ ಫೋನ್ ಎತ್ತಿಕೊಳ್ಳುವುದು, ಅವಳೇ ಬಾಣಂತಿಯ ಮನೆಗೆ ಬಂದು ಮಗು ಸರಿಯಾಗಿ ಮೊಲೆ ಹಿಡಿಯುತ್ತಿದೆಯೇ ಎಂದು ನೋಡುವುದು: ಈ ನಿರಂತರತೆಯೇ ಒಂದು ಚಿಕಿತ್ಸೆ. ಇದು ನನ್ನ ಭಾವುಕತೆಯಲ್ಲ. 17 ಅಧ್ಯಯನಗಳ 18,533 ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿ 2024ರಲ್ಲಿ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಇಂಥ ಆರೈಕೆ ಪಡೆದವರಲ್ಲಿ ಸಹಜ ಹೆರಿಗೆ ಹೆಚ್ಚು, ಇಕ್ಕಳ ಮುಂತಾದ ಉಪಕರಣ ಹಾಕಿ ಮಾಡಿಸುವ ಹೆರಿಗೆ ಕಡಿಮೆ, ಮತ್ತು ಅವರು ತಮ್ಮ ಅನುಭವದ ಬಗ್ಗೆ ಹೆಚ್ಚು ತೃಪ್ತಿಯಿಂದ ಮಾತನಾಡುತ್ತಾರೆ.

ಈಗ ನೀವು ಕರೆಸಿಕೊಳ್ಳಬೇಕೆಂದಿರುವ ಊರಿನ ಕಡೆಗೆ ನೋಡೋಣ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ, ಅದರಿಂದ ಜೀವಗಳು ಉಳಿದಿವೆ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 23.6 ಇದ್ದ ನಮ್ಮ ರಾಜ್ಯದ ಸಿಸೇರಿಯನ್ ಪ್ರಮಾಣ 2019-21ರ ಹೊತ್ತಿಗೆ ಶೇ. 31.5 ಆಯಿತು, ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗ ಶೇ. 14.3 ಇದ್ದ ಪ್ರಮಾಣ ಖಾಸಗಿಯಲ್ಲಿ ಶೇ. 47.4 ಇತ್ತು. ಖಾಸಗಿಗೆ ಹೋಗುವ ಹೆಂಗಸರ ದೇಹವೇನು ಬೇರೆ ಬಗೆಯದೇ? ನನ್ನ ತಂಗಿಯ ಹೆರಿಗೆಯಾದ ದೊಡ್ಡ ಆಸ್ಪತ್ರೆಯಲ್ಲಿ ನಮ್ಮಮ್ಮನನ್ನು ಬಾಗಿಲಾಚೆ ನಿಲ್ಲಿಸಿದ್ದರು. ಒಳಗೆ ಅವಳ ಹೆಸರು ಹಿಡಿದು ಕರೆದವರು ಒಬ್ಬರೂ ಇರಲಿಲ್ಲವೆಂದು ತಂಗಿ ಇಂದಿಗೂ ಹೇಳುತ್ತಾಳೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಚಪ್ಪಾಳೆ ತಟ್ಟಿದೆವು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಅದೇ ತಿಂಗಳು ಕೇಂದ್ರ ಸರ್ಕಾರ ದಾದಿಯರಿಗೆ 18 ತಿಂಗಳ ಮಿಡ್‌ವೈಫರಿ ತರಬೇತಿ ಕೊಡುವ ಮಾರ್ಗಸೂಚಿಯನ್ನು ಹೊರಡಿಸಿತು. ಇಷ್ಟಾದರೂ ನಿಮ್ಮ ಬಡಾವಣೆಯ ಗರ್ಭಿಣಿಯೊಬ್ಬಳು ನನಗೆ ಇಂಥ ಮಿಡ್‌ವೈಫ್ ಬೇಕು ಎಂದು ಕೇಳಬಲ್ಲಳೇ? ವ್ಯಕ್ತಿಗೆ ಹಾರ ಹಾಕಿ ಕಸುಬನ್ನು ಕೈಬಿಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಹೀಗಾಗಿ ಮಗಳು ಅಲ್ಲೇ ಇರಲಿ, ಆದರೆ ಇದೇ ವಾರ ಫೋನ್ ಮಾಡಲು ಶುರುಮಾಡಲಿ, ಏಕೆಂದರೆ ಅಲ್ಲಿ ಮಿಡ್‌ವೈಫ್‌ಗಳ ಕೊರತೆಯಿದೆ, ಒಳ್ಳೆಯವರ ತಾರೀಖುಗಳು ಬೇಗ ತುಂಬಿಹೋಗುತ್ತವೆ. ಒಬ್ಬರನ್ನು ಕಂಡೊಡನೆ ಒಪ್ಪಿಕೊಳ್ಳುವುದೂ ಬೇಡ. ಹೆರಿಗೆಯ ದಿನ ನಿಮಗೆ ರಜೆಯಿದ್ದರೆ ಯಾರು ಬರುತ್ತಾರೆ, ಅವರನ್ನು ಮೊದಲೇ ನೋಡಬಹುದೇ ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಅದೇ ತಿಂಗಳಲ್ಲಿ ಇನ್ನೆಷ್ಟು ಗರ್ಭಿಣಿಯರನ್ನು ಒಪ್ಪಿಕೊಂಡಿದ್ದೀರಿ, ಯಾವ ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೀರಿ, ತಜ್ಞರ ಕೈಗೆ ಒಪ್ಪಿಸಬೇಕಾಗಿ ಬಂದರೆ ಪಕ್ಕದಲ್ಲಿ ಇರುತ್ತೀರೋ ಇಲ್ಲವೋ ಎಂದೂ ಕೇಳಲಿ. ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರು ಬೇಡ. ನಡುವೆ ಹೊಂದಾಣಿಕೆ ಆಗದಿದ್ದರೆ ಬದಲಾಯಿಸಿಕೊಳ್ಳುವ ಹಕ್ಕೂ ಅವಳಿಗಿದೆ.

ಇನ್ನು ಬಾಣಂತನ. ಹೋಗುವುದಾದರೆ ಬಾಣಂತಿ ಖಾರ, ಅಂಟಿನುಂಡೆ, ತುಪ್ಪ ಕಟ್ಟಿಕೊಂಡೇ ಹೋಗುತ್ತೀರಿ, ಬೇಡವೆಂದರೂ ಕೇಳುವವರಲ್ಲ. ಆದರೆ ಆಕ್ಲೆಂಡ್ ವಿಮಾನನಿಲ್ದಾಣದಲ್ಲಿ ತಿನ್ನುವ ಪದಾರ್ಥವನ್ನೆಲ್ಲ ಘೋಷಿಸಲೇಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲಿಯೇ 400 ಡಾಲರ್ ದಂಡ. ಮನೆಗೆ ಬರುವ ಮಿಡ್‌ವೈಫ್ ಮಗುವನ್ನು ಅಂಗಾತ, ಅದರದೇ ಹಾಸಿಗೆಯಲ್ಲಿ ಮಲಗಿಸಿ ಎನ್ನುತ್ತಾಳೆ, ಸಾಂಬ್ರಾಣಿ ಹೊಗೆಯನ್ನು ಕಂಡು ಹುಬ್ಬೇರಿಸುತ್ತಾಳೆ. ಎರಡರಲ್ಲೂ ಅವಳ ಮಾತು ಕೇಳಿ. ಮಾಸನ್ನು ಮನೆಗೆ ಒಯ್ಯುತ್ತೀರಾ ಎಂದು ಕೇಳಿದರೆ ಬೆಚ್ಚಬೇಡಿ: ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರು ಅದನ್ನು ತಮ್ಮ ನೆಲದಲ್ಲಿ ಹೂಳುತ್ತಾರೆ, ನಮ್ಮ ಹಳ್ಳಿಗಳಲ್ಲೂ ಹಿತ್ತಲಲ್ಲಿ ಹೂಳುತ್ತಿದ್ದರು. ಎಣ್ಣೆ, ಬಿಸಿನೀರು, ಸಬ್ಬಸಿಗೆ ಸೊಪ್ಪಿನ ಸಾರು ನಿಮ್ಮ ಪಾಲಿನ ಕೆಲಸ. ಹೊಲಿಗೆ, ಜ್ವರ, ಮಗುವಿನ ತೂಕ ಅವಳ ಪಾಲಿನದು.

ಯಾವಾಗ ಹೋಗಬೇಕೆಂದು ಕೇಳಿದ್ದೀರಿ. ಎಲ್ಲರೂ ಹೆರಿಗೆಯ ದಿನಕ್ಕೆ ಟಿಕೆಟ್ ಹೊಂದಿಸುತ್ತಾರೆ. ನನ್ನ ಸಲಹೆ ಬೇರೆ: ಹೆರಿಗೆಗೆ ಒಂದೆರಡು ವಾರ ಮುಂಚೆ ಹೋಗಿ, ಆದರೆ ಹಿಂದಿರುಗುವ ತಾರೀಖನ್ನು ಆದಷ್ಟು ಮುಂದಕ್ಕೆ ಇಟ್ಟುಕೊಳ್ಳಿ. ಮಿಡ್‌ವೈಫ್ ಬರುವುದು ಹೆಚ್ಚೆಂದರೆ ಆರು ವಾರದವರೆಗೆ, ಅಳಿಯನ ರಜೆ ಅದಕ್ಕೂ ಮೊದಲೇ ಮುಗಿದಿರುತ್ತದೆ, ಮಗಳು ಹಗಲಿಡೀ ಮಗುವಿನ ಜೊತೆ ಒಬ್ಬಳೇ ಇರಬೇಕಾಗುವುದು ಏಳನೆಯ ವಾರದಿಂದ.